ರಾಣಿಯ ಗೌನು ಬಿಡು, ದಂಡದ ಲೆಕ್ಕ ನೋಡು

ಪ್ರೀತಿಯ ಗೆಳೆಯಾ,

ನಿನ್ನ ಕಾದಂಬರಿಯ ಮೊದಲ ಅಧ್ಯಾಯಗಳು ಬಂದವು, ಓದಿದೆ. ಒಂದನೇ ಎಲಿಜಬೆತ್ ಕಾಲದ ಇಂಗ್ಲೆಂಡನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದೀಯ. ಒಳ್ಳೆಯ ಕೆಲಸ. ಅವರು ನಮ್ಮ ಬಗ್ಗೆ ರಾಶಿ ರಾಶಿ ಬರೆದಿದ್ದಾರೆ. ನಾವು ಅವರ ಬಗ್ಗೆ ಒಂದು ಕಾದಂಬರಿ ಬರೆದರೆ ಯಾರಿಗೂ ನಷ್ಟವಿಲ್ಲ.

ಆದರೆ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನಿನ್ನ ಲಂಡನ್ನಿನಲ್ಲಿ ಎಲ್ಲರೂ ತುಂಬಾ ಒಳ್ಳೆಯವರು. ಗಂಡಸರು ದೊಡ್ಡವರನ್ನು ಕಂಡ ಕೂಡಲೇ ಟೋಪಿ ತೆಗೆಯುತ್ತಾರೆ. ಹೆಂಗಸರು ಕುತ್ತಿಗೆಗೆ ಗರಿಗರಿ ರಫ್, ಅಂದರೆ ನೆರಿಗೆಯ ಅಗಲವಾದ ಕಾಲರ್, ತೊಟ್ಟು ಮೆಲ್ಲಗೆ ಮೆಟ್ಟಿಲಿಳಿಯುತ್ತಾರೆ. ಶುಕ್ರವಾರ ಮೀನು, ಭಾನುವಾರ ಚರ್ಚು. ಒಬ್ಬನೂ ಒಂದು ಕಟ್ಟಳೆಯನ್ನೂ ಮುರಿಯುವುದಿಲ್ಲ. ಇಷ್ಟು ವಿಧೇಯ ಜನರನ್ನು ನಾನು ಎಲ್ಲೂ ಕಂಡಿಲ್ಲ, ನೀನು ಕಂಡಿದ್ದೀಯಾ?

ನೀನು ಓದಿಕೊಂಡದ್ದು ಆ ಕಾಲದ ಕಾನೂನು ಮತ್ತು ನೀತಿಯ ಪುಸ್ತಕಗಳನ್ನು ಅಂತ ಕಾಣುತ್ತದೆ. ಅದು ತಪ್ಪಲ್ಲ. ಆದರೆ ಅವುಗಳನ್ನು ತಿರುಗಿಸಿ ಓದಬೇಕು. ಒಂದು ಸರ್ಕಾರ ಒಂದೇ ಆಜ್ಞೆಯನ್ನು ಮತ್ತೆ ಮತ್ತೆ ಹೊರಡಿಸುತ್ತಿದೆ ಎಂದರೆ, ಜನ ಅದನ್ನು ಕೇಳುತ್ತಿಲ್ಲ ಅಂತಲೇ ಅರ್ಥ. ದಂಡ ಎಷ್ಟು, ಕಟ್ಟಿದವರು ಯಾರು, ತಪ್ಪಿಸಿಕೊಂಡವರು ಯಾರು, ಯಾರ ಹೊಟ್ಟೆಗೆ ಪೆಟ್ಟು ಬಿತ್ತು? ಈ ಪ್ರಶ್ನೆ ಕೇಳಿಕೊಂಡರೆ ನಿನ್ನ ಬೀದಿಯಲ್ಲಿ ಜನ ಓಡಾಡಲು ಶುರುಮಾಡುತ್ತಾರೆ.

ಟೋಪಿಯನ್ನೇ ತಗೋ. 1571ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಆರು ವರ್ಷ ದಾಟಿದ ಸಾಮಾನ್ಯ ಜನ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಇಂಗ್ಲೆಂಡಿನಲ್ಲೇ ಹೆಣೆದ ಉಣ್ಣೆಯ ಟೋಪಿ ಹಾಕಲೇಬೇಕು. ಹಾಕದಿದ್ದರೆ ದಿನಕ್ಕೆ 3 ಶಿಲಿಂಗ್ 4 ಪೆನ್ಸ್ ದಂಡ. ಒಂದು ಶಿಲಿಂಗಿಗೆ 12 ಪೆನ್ಸ್. ಅಂದರೆ 40 ಪೆನ್ಸ್. ಲಂಡನ್ನಿನ ಕೂಲಿಯಾಳಿಗೆ ದಿನಕ್ಕೆ ಸಿಗುತ್ತಿದ್ದದ್ದು ಸುಮಾರು 8ರಿಂದ 10 ಪೆನ್ಸ್. ಒಂದು ಭಾನುವಾರ ತಲೆಯ ಮೇಲೆ ಟೋಪಿ ಇಲ್ಲದಿದ್ದರೆ ನಾಲ್ಕೈದು ದಿನದ ಕೂಲಿ ಹೋಯಿತು! ದೊಡ್ಡ ಮನೆತನದವರಿಗೆ, ಜಮೀನು ಇದ್ದವರಿಗೆ ವಿನಾಯಿತಿ. ಯಾಕೆ ಇದೆಲ್ಲ? ಫ್ಯಾಶನ್ ಬದಲಾಗಿ ಜನ ಫೆಲ್ಟ್ ಹ್ಯಾಟಿನ ಹಿಂದೆ ಬಿದ್ದಿದ್ದರು. ಟೋಪಿ ಹೆಣೆಯುವವರ ಕಸುಬು ಮುಳುಗುತ್ತಿತ್ತು. ಅದನ್ನು ಉಳಿಸಲು ಬಡವರ ತಲೆಯೇ ಬೇಕಾಯಿತು. 1597ರಲ್ಲಿ ಈ ಕಾಯ್ದೆ ರದ್ದಾಯಿತು.

ನಿನ್ನ ಎರಡನೇ ಅಧ್ಯಾಯದಲ್ಲಿ ಚರ್ಚಿನ ಬಾಗಿಲಲ್ಲಿ ಜನ ನಿಂತಿದ್ದಾರೆ, ಗಂಟೆ ಬಾರಿಸುತ್ತಿದೆ, ಚಳಿ ಇದೆ. ವರ್ಣನೆ ಚೆನ್ನಾಗಿದೆ. ಆದರೆ ಏನೂ ನಡೆಯುವುದಿಲ್ಲ. ಆ ಸಾಲಿನಲ್ಲಿ ಟೋಪಿ ಅಡವಿಟ್ಟ ಒಬ್ಬ ಹುಡುಗನನ್ನು ನಿಲ್ಲಿಸು. ಪಕ್ಕದಲ್ಲಿ ಒಬ್ಬ ಚಾಡಿಕೋರನನ್ನು ನಿಲ್ಲಿಸು. ಆ ಕಾಲದ ಎಷ್ಟೋ ದಂಡದ ಕಾನೂನುಗಳಲ್ಲಿ ದಂಡದ ಅರ್ಧ ಪಾಲು ದೂರು ಕೊಟ್ಟವನಿಗೇ ಹೋಗುತ್ತಿತ್ತು. ಅದನ್ನೇ ಕಸುಬು ಮಾಡಿಕೊಂಡವರಿದ್ದರು. ಈಗ ನೋಡು, ಆ ಸಾಲು ಹೇಗೆ ಉಸಿರಾಡುತ್ತದೆ.

ಮೀನಿನ ಊಟದ್ದೂ ಹಾಗೆಯೇ. ಶುಕ್ರವಾರ, ಶನಿವಾರ, ಈಸ್ಟರಿಗೆ ಮುಂಚಿನ ನಲವತ್ತು ದಿನದ ಲೆಂಟ್‌ನಲ್ಲಿ ಮಾಂಸ ತಿನ್ನಬಾರದು ಎಂಬುದು ಹಳೆಯ ಕಟ್ಟಳೆ. 1563ರಲ್ಲಿ ರಾಣಿಯ ಮಂತ್ರಿ ವಿಲಿಯಂ ಸೆಸಿಲ್ ಬುಧವಾರವನ್ನೂ ಸೇರಿಸಿದ. ನೀನು ಇದನ್ನು ಭಕ್ತಿ ಎಂದು ಬರೆದಿದ್ದೀಯ. ಭಕ್ತಿಯಲ್ಲ ಮಾರಾಯ. ಜನ ಮೀನು ತಿಂದರೆ ಮೀನುಗಾರರು ಉಳಿಯುತ್ತಾರೆ, ಮೀನುಗಾರರು ಉಳಿದರೆ ನೌಕಾಪಡೆಗೆ ನಾವಿಕರು ಸಿಗುತ್ತಾರೆ. ಲೆಕ್ಕಾಚಾರ ಅಷ್ಟೇ. ತಮಾಷೆ ಏನೆಂದರೆ, ಬುಧವಾರದ ಮೀನಿನಿಂದ ಆತ್ಮಕ್ಕೆ ಒಳ್ಳೆಯದಾಗುತ್ತದೆ ಎಂದು ಯಾರಾದರೂ ಬೋಧಿಸಿದರೆ ಅವರಿಗೇ ಶಿಕ್ಷೆ ಎಂದು ಕಾಯ್ದೆಯಲ್ಲೇ ಬರೆದಿತ್ತು. ಇಂಗ್ಲೆಂಡ್ ಆಗ ರೋಮಿನ ಪೋಪನನ್ನು ಬಿಟ್ಟು ಪ್ರಾಟೆಸ್ಟೆಂಟ್ ಆಗಿತ್ತು, ಹಳೆಯ ಕ್ಯಾಥೊಲಿಕ್ ನಂಬಿಕೆ ಹಿಂಬಾಗಿಲಿನಿಂದ ಬಂದೀತು ಎಂಬ ಭಯ. ಕಾಯಿಲೆಯವರು ಮಾಂಸ ತಿನ್ನಲು ಪರವಾನಗಿ ಪಡೆಯಬಹುದಿತ್ತು. ದುಡ್ಡಿದ್ದವರೂ ಪಡೆಯಬಹುದಿತ್ತು. ಬುಧವಾರದ ಕಟ್ಟಳೆ 1585ರಲ್ಲಿ ಬಿದ್ದುಹೋಯಿತು. ನಿನ್ನ ಕಥೆ 1592ರಲ್ಲಿ ಶುರುವಾಗುತ್ತದೆ, ಹಾಗಾಗಿ ಬುಧವಾರದ ಮೀನಿನ ದೃಶ್ಯ ತೆಗೆದುಬಿಡು. ಲೆಂಟ್‌ನಲ್ಲಿ ಕದ್ದು ಕುರಿ ಕಡಿದ ಕಟುಕನ ದೃಶ್ಯ ಹಾಕು.

ಈಗ ಬಟ್ಟೆಗೆ ಬರುತ್ತೇನೆ. ಇಲ್ಲಿ ನಿನ್ನನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಬೇಕು. ಯಾಕೆಂದರೆ ಆ ಕಾಲದ ಇಡೀ ಸಮಾಜ ಬಟ್ಟೆಯ ಮೇಲೆ ನಿಂತಿತ್ತು.

ಯಾರು ಏನು ಉಡಬೇಕು ಎಂಬುದಕ್ಕೆ ಕಾನೂನಿತ್ತು. 1574ರ ಆಜ್ಞೆ ನೋಡು. ನೇರಳೆ ಬಣ್ಣದ ರೇಷ್ಮೆ, ಚಿನ್ನದ ಎಳೆಯ ಬಟ್ಟೆ, ಸೇಬಲ್ ಪ್ರಾಣಿಯ ತುಪ್ಪಳ ರಾಜಮನೆತನಕ್ಕೆ. ಡ್ಯೂಕ್, ಅರ್ಲ್ ಮಟ್ಟದವರು ಕೆಲವು ಉಡುಪುಗಳಲ್ಲಿ ಮಾತ್ರ ಬಳಸಬಹುದು. ಮಖಮಲ್ಲು ಇಂಥವರಿಗೆ, ಸ್ಯಾಟಿನ್ ಇಂಥವರಿಗೆ ಎಂದು ಪಟ್ಟಿ ಕೆಳಗಿಳಿಯುತ್ತಾ ಹೋಗುತ್ತದೆ. ಕತ್ತಿಯ ಅಲಗು ಎಷ್ಟುದ್ದ, ರಫ್ ಎಷ್ಟಗಲ ಎಂಬುದಕ್ಕೂ ಆಜ್ಞೆಗಳಿದ್ದವು. 1559ರಿಂದ 1597ರವರೆಗೆ ಇಂಥ ಆಜ್ಞೆಗಳು ಒಂದರ ಹಿಂದೆ ಒಂದು ಬಂದವು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಜನ ಎಲ್ಲ ದೇಶದಲ್ಲೂ ಇರುತ್ತಾರಲ್ಲ. 1565ರಲ್ಲಿ ರಿಚರ್ಡ್ ವಾಲ್ವಿನ್ ಎಂಬ ಸೇವಕನೊಬ್ಬ ಲಂಡನ್ನಿನಲ್ಲಿ ಸಿಕ್ಕಿಬಿದ್ದ. ಅಪರಾಧ ಏನು? ತನ್ನ ಅಂತಸ್ತಿಗೆ ಮೀರಿದ, ಊದಿಕೊಂಡ ಭಾರೀ ಚಡ್ಡಿ ತೊಟ್ಟಿದ್ದ. ಸಭ್ಯವಾದ ಚಡ್ಡಿ ತರಿಸಿಕೊಳ್ಳುವ ತನಕ ಅವನನ್ನು ಕೂಡಿಹಾಕಿದರು. ಆ ಚಡ್ಡಿಯನ್ನು ಜನರ ಕಣ್ಣಿಗೆ ಬೀಳುವ ಕಡೆ ತೂಗುಹಾಕಲು ಹೇಳಿದರು. ಅದೇ ವರ್ಷ ಇತ್ತ ತಾಳಿಕೋಟೆ ಯುದ್ಧ ನಡೆದು ವಿಜಯನಗರ ಹಾಳಾಯಿತು. ಎರಡಕ್ಕೂ ಸಂಬಂಧವಿಲ್ಲ, ಸುಮ್ನೆ ಹೇಳಿದೆ. ಕನ್ನಡದ ಓದುಗರಿಗೆ ಆ ಇಸವಿ ಕಣ್ಣಿಗೆ ಬಿದ್ದ ಕೂಡಲೇ ಕಾಲ ಗೊತ್ತಾಗುತ್ತದೆ.

ಇನ್ನು ನಿನ್ನ ಪ್ರೀತಿಯ ರಫ್. ಪ್ರತಿ ಅಧ್ಯಾಯದಲ್ಲೂ ಅದು ಬರುತ್ತದೆ. ಒಂದು ಸಲವೂ ಅದನ್ನು ಯಾರು ಒಗೆದರು, ಯಾರು ಗಂಜಿ ಹಾಕಿದರು ಎಂದು ನೀನು ಕೇಳಿಲ್ಲ. 1564ರಲ್ಲಿ ಡಿಂಗೆನ್ ವಾನ್ ಡೆರ್ ಪ್ಲಾಸ್ ಎಂಬ ಫ್ಲಾಂಡರ್ಸ್ ಕಡೆಯ ಹೆಂಗಸು ಗಂಡನ ಜೊತೆ ಲಂಡನ್ನಿಗೆ ವಲಸೆ ಬಂದಳು. ಬಟ್ಟೆಗೆ ಗಂಜಿ ಹಾಕುವ ವಿದ್ಯೆ ಅವಳಿಗೆ ಗೊತ್ತಿತ್ತು. ಅನುಕೂಲಸ್ಥರು ತಮ್ಮ ಹೆಣ್ಣುಮಕ್ಕಳನ್ನು ಅವಳ ಹತ್ತಿರ ಕಲಿಯಲು ಕಳಿಸಿದರು. ಕಲಿಸಲು ಶುಲ್ಕ ನಾಲ್ಕೈದು ಪೌಂಡು. ಗಂಜಿ ಕುದಿಸುವುದನ್ನು ಹೇಳಿಕೊಡಲು ಬೇರೆ 20 ಶಿಲಿಂಗ್, ಅಂದರೆ ಇನ್ನೊಂದು ಪೌಂಡು. ಪರದೇಶದಿಂದ ಬಂದ ಒಬ್ಬ ಹೆಂಗಸು ಇಡೀ ನಗರದ ಕುತ್ತಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ನಿನಗೆ ಬೇಕಾದ ಪಾತ್ರ ಇದು, ಅರಮನೆಯ ಸಖಿಯಲ್ಲ.

ಆ ಗಂಜಿ ಆಗುತ್ತಿದ್ದದ್ದು ಗೋಧಿಯಿಂದ. ಇದನ್ನು ನೆನಪಿಟ್ಟುಕೊಂಡು 1594ಕ್ಕೆ ಬಾ. ಆ ವರ್ಷದಿಂದ ಬೆಳೆ ಮೇಲಿಂದ ಮೇಲೆ ಕೆಟ್ಟಿತು. ಬೇಸಿಗೆಯಲ್ಲೂ ಮಳೆ. 1597ರವರೆಗೆ ಕಷ್ಟವೇ ಕಷ್ಟ. ರೊಟ್ಟಿಯ ವಿಷಯದಲ್ಲಿ ಅವರಲ್ಲಿ ವಿಚಿತ್ರ ಪದ್ಧತಿ ಇತ್ತು. ಒಂದು ಪೆನ್ನಿ ರೊಟ್ಟಿಯ ಬೆಲೆ ಯಾವಾಗಲೂ ಒಂದು ಪೆನ್ನಿಯೇ. ಧಾನ್ಯದ ಬೆಲೆ ಏರಿದರೆ ರೊಟ್ಟಿಯ ತೂಕ ಇಳಿಯುತ್ತಿತ್ತು. ಎಷ್ಟು ತೂಗಬೇಕು ಎಂದು ಅಧಿಕಾರಿಗಳು ಗೊತ್ತು ಮಾಡುತ್ತಿದ್ದರು. ಹಾಗಾಗಿ ಬಡವರ ಮನೆಯ ತಾಯಿ ಬೆಲೆ ಏರಿತು ಎಂದು ಗೊಣಗುವುದಿಲ್ಲ. ಕೈಯಲ್ಲಿ ಹಿಡಿದ ರೊಟ್ಟಿ ಹೋದ ವಾರಕ್ಕಿಂತ ಚಿಕ್ಕದಾಯಿತು ಎಂದು ನೋಡುತ್ತಾಳೆ. ಅವಳು ಹಾಗೆ ನೋಡುತ್ತಿರುವಾಗ ಎದುರಿನಿಂದ ಒಬ್ಬ ಶ್ರೀಮಂತ ಗೋಧಿಯ ಗಂಜಿ ಕುಡಿದ ರಫ್ ತೊಟ್ಟು ಬರಲಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ನಮ್ಮ ಗಾದೆಯಲ್ಲಿ ಹೊಟ್ಟೆಯೂ ಜುಟ್ಟೂ ಒಬ್ಬನದ್ದೇ. ಅಲ್ಲಿ ಹೊಟ್ಟೆ ಒಬ್ಬರದ್ದು, ಜುಟ್ಟು ಇನ್ನೊಬ್ಬರದ್ದು. ಗೋಧಿಯನ್ನು ಗಂಜಿಗೆ ಸುರಿಯುವುದರ ಬಗ್ಗೆ ಆ ಕಾಲದಲ್ಲೇ ದೂರುಗಳಿದ್ದವು. 1596ರಲ್ಲಿ ಆಕ್ಸ್‌ಫರ್ಡ್‌ಶೈರಿನಲ್ಲಿ ಬಾರ್ತಲೊಮ್ಯೂ ಸ್ಟೀರ್ ಎಂಬ ಬಡಗಿ ದಂಗೆ ಎಬ್ಬಿಸಲು ನೋಡಿದ. ಬೆರಳೆಣಿಕೆಯ ಜನ ಬಂದರು. ಸರ್ಕಾರ ಮಾತ್ರ ದೊಡ್ಡ ಸೈನ್ಯವನ್ನೇ ಕಂಡಂತೆ ಬೆದರಿತು.

ಬಟ್ಟೆಯ ದಾರ ಹಿಡಿದುಕೊಂಡೇ ನಾಟಕಶಾಲೆಗೆ ಹೋಗೋಣ. ನೀನು ಹೇಗೂ ಅಲ್ಲಿಗೆ ಹೋಗುತ್ತೀಯ, ಎಲ್ಲರೂ ಹೋಗುತ್ತಾರೆ. 1599ರಲ್ಲಿ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಯುವಕ ಲಂಡನ್ನಿಗೆ ಬಂದಿದ್ದ. ಸೆಪ್ಟೆಂಬರಿನಲ್ಲಿ ಥೇಮ್ಸ್ ದಾಟಿ ಹೋಗಿ ಜೂಲಿಯಸ್ ಸೀಸರನ ನಾಟಕ ನೋಡಿದ. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಆಟ, ಹಗಲು ಬೆಳಕಿನಲ್ಲಿ. ಅಂಗಳದಲ್ಲಿ ನಿಂತು ನೋಡಲು ಒಂದು ಪೆನ್ನಿ. ಕೂರಲು ಇನ್ನೊಂದು. ಮೆತ್ತೆಯ ಮೇಲೆ ಕೂರಲು ಮತ್ತೊಂದು. ಅವನು ಬರೆದಿಟ್ಟ ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ದೊಡ್ಡ ಮನುಷ್ಯರು ಸಾಯುವಾಗ ತಮ್ಮ ಒಳ್ಳೆಯ ಬಟ್ಟೆಗಳನ್ನು ಸೇವಕರಿಗೆ ಬಿಟ್ಟು ಹೋಗುತ್ತಿದ್ದರಂತೆ. ಸೇವಕರು ಅದನ್ನು ಉಡುವುದು ಅಂತಸ್ತಿಗೆ ಸಲ್ಲದು. ಹಾಗಾಗಿ ನಟರಿಗೆ ಮಾರುತ್ತಿದ್ದರು. ನೋಡು, ಕಾನೂನು ಬೀದಿಯಲ್ಲಿ ತಡೆದ ಬಟ್ಟೆ ರಂಗದ ಮೇಲೆ ಹತ್ತಿತು. ಒಂದು ಪೆನ್ನಿ ಕೊಟ್ಟ ಕೂಲಿಯಾಳು ಸತ್ತುಹೋದ ಯಾವನೋ ಲಾರ್ಡಿನ ನಿಜವಾದ ಅಂಗಿಯನ್ನು ಒಬ್ಬ ನಟನ ಮೈಮೇಲೆ ನೋಡಿದ. ಆ ನಟನಿಗೋ, ಒಬ್ಬ ದೊರೆಯ ಆಶ್ರಯ ಇಲ್ಲದಿದ್ದರೆ 1572ರ ಕಾಯ್ದೆಯ ಪ್ರಕಾರ ಅಲೆಮಾರಿಯ ಪಟ್ಟ. ಅಲೆಮಾರಿಗೆ ಚಾಟಿಯೇಟು ಮತ್ತು ಕಾದ ಕಬ್ಬಿಣದಿಂದ ಕಿವಿಗೆ ತೂತು.

ನಾಟಕ ಬರೆದವನಿಗೆ ಏನು ಸಿಕ್ಕಿತು ಎಂದು ಕೇಳುತ್ತೀಯ. ಕೇಳಲೇಬೇಕು, ನೀನೂ ಬರೆಯುವವನು. ರಂಗಮಂದಿರದ ಮಾಲೀಕ ಫಿಲಿಪ್ ಹೆನ್ಸ್ಲೊ ಇಟ್ಟ ಲೆಕ್ಕದ ಪುಸ್ತಕ ಉಳಿದಿದೆ. 1603ರ ಆರಂಭದಲ್ಲಿ ಥಾಮಸ್ ಹೇವುಡ್‌ನ ಒಂದು ನಾಟಕಕ್ಕೆ ಹೆನ್ಸ್ಲೊ ಕಡೆಯಿಂದ ಸಂದದ್ದು 6 ಪೌಂಡು. ಅದೇ ನಾಟಕದ ನಾಯಕಿಯ ಕಪ್ಪು ಮಖಮಲ್ಲಿನ ಗೌನಿಗೆ ಕೊಟ್ಟದ್ದು 6 ಪೌಂಡು 13 ಶಿಲಿಂಗ್. ನಾಟಕಕ್ಕಿಂತ ನಾಯಕಿಯ ಗೌನೇ ಜಾಸ್ತಿ! ಆ ಗೌನು ತೊಟ್ಟವನೂ ಹುಡುಗನೇ, ಯಾಕೆಂದರೆ ವೃತ್ತಿ ರಂಗದ ಮೇಲೆ ಹೆಂಗಸರು ಇರಲಿಲ್ಲ. ಪುಸ್ತಕದ ಗೌರವಧನ ಬಂದ ದಿನ ನಿನಗೆ ಈ ಲೆಕ್ಕ ಸಮಾಧಾನ ಕೊಡಬಹುದು.

ಮನೆಯ ಒಳಗಿನ ಚಿತ್ರಕ್ಕೆ ಬಾ. ನಿನ್ನ ರೈತನ ಮನೆಯಲ್ಲಿ ಗಾಜಿನ ಲೋಟ, ಫೋರ್ಕು, ಮೇಣದ ಬತ್ತಿಯ ಗೊಂಚಲು ಇವೆ. ತೆಗೆ. ಫೋರ್ಕು ಬಳಕೆಯಲ್ಲಿರಲಿಲ್ಲ. ಚಮಚ, ಚಾಕು ಮತ್ತು ಬೆರಳು. ಊಟಕ್ಕೆ ಬಂದ ಅತಿಥಿ ತನ್ನ ಚಾಕು ತಾನೇ ತರುತ್ತಿದ್ದ. ಬಡವರ ಮನೆಯಲ್ಲಿ ಬೆಳಕಿಗೆ ಜೊಂಡಿನ ಕಡ್ಡಿಯನ್ನು ಕೊಬ್ಬಿನಲ್ಲಿ ಅದ್ದಿ ಉರಿಸುತ್ತಿದ್ದರು. ಚಹಾ ಇಲ್ಲ, ಕಾಫಿ ಇಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಏಲ್ ಅಥವಾ ಬಿಯರ್, ಮಕ್ಕಳಿಗೂ ತೆಳುವಾದದ್ದು. ಆಲೂಗಡ್ಡೆ ಆಗ ವಿಚಿತ್ರ ವಸ್ತು, ದಿನದ ಅಡುಗೆಯದ್ದಲ್ಲ. ಗಡಿಯಾರಕ್ಕೆ ಸಾಮಾನ್ಯವಾಗಿ ಗಂಟೆಯ ಮುಳ್ಳು ಮಾತ್ರ. ಹಾಗಾಗಿ ಯಾರೂ ಐದು ನಿಮಿಷ ತಡವಾಗಿ ಬಂದೆ ಎಂದು ಕ್ಷಮೆ ಕೇಳುವುದು ಬೇಡ.

ಆದರೆ ಇಲ್ಲದ ವಸ್ತುಗಳ ಪಟ್ಟಿಗಿಂತ ಹೊಸದಾಗಿ ಬಂದ ವಸ್ತುಗಳು ಕಥೆಗೆ ಹೆಚ್ಚು ಕೆಲಸಕ್ಕೆ ಬರುತ್ತವೆ. ಎಸೆಕ್ಸಿನ ರ‍್ಯಾಡ್‌ವಿಂಟರ್ ಎಂಬ ಹಳ್ಳಿಯಲ್ಲಿ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ ಇದ್ದ. 1577ರಲ್ಲಿ ಅಚ್ಚಾದ ತನ್ನ ಬರಹದಲ್ಲಿ ಹಳ್ಳಿಯ ಮುದುಕರ ಮಾತು ದಾಖಲಿಸಿದ್ದಾನೆ. ತಮ್ಮ ಕಾಲದಲ್ಲಿ ಮೂರು ಬದಲಾವಣೆ ಕಂಡೆವು ಎಂದು ಅವರು ಹೇಳುತ್ತಿದ್ದರಂತೆ. ಒಂದು, ಚಿಮಣಿಗಳು. ಮೊದಲು ಊರಿಗೆ ಎರಡೋ ಮೂರೋ ಇದ್ದವು, ಈಗ ಎಲ್ಲೆಲ್ಲೂ. ಇನ್ನೊಂದು, ಹಾಸಿಗೆ. ಮೊದಲು ಹುಲ್ಲಿನ ಮೇಲೆ ಮಲಗಿ ತಲೆಗೆ ಮರದ ದಿಮ್ಮಿ ಇಟ್ಟುಕೊಳ್ಳುತ್ತಿದ್ದರು. ದಿಂಬು ಬಾಣಂತಿಯರಿಗೆ ಮಾತ್ರ ಎಂದು ತಿಳಿದಿದ್ದರು. ಮತ್ತೊಂದು, ಮರದ ತಟ್ಟೆ ಹೋಗಿ ಪ್ಯೂಟರ್ ಲೋಹದ ತಟ್ಟೆ ಬಂತು. ಇದರಲ್ಲಿ ಒಂದು ಇಡೀ ಅಧ್ಯಾಯ ಇದೆ. ಮಗ ದಿಂಬು ತರುತ್ತಾನೆ. ಅಪ್ಪ ದಿಮ್ಮಿ ಬಿಡುವುದಿಲ್ಲ. ಸೊಸೆ ನಡುವೆ. ಇಂಗ್ಲೆಂಡಿನ ಇತಿಹಾಸ ಬೇಡ, ಆ ಮಂಚದ ಮೇಲಿನ ಜಗಳ ಸಾಕು.

ತಾರೀಖಿನ ಬಗ್ಗೆ ಒಂದು ಎಚ್ಚರಿಕೆ. ಅವರಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹೊಸ ವರ್ಷದ ಉಡುಗೊರೆ ಮಾತ್ರ ಜನವರಿ 1ಕ್ಕೆ ಕೊಡುತ್ತಿದ್ದರು. ಹಾಗಾಗಿ ರಾಣಿ ಸತ್ತದ್ದು ನಮ್ಮ ಲೆಕ್ಕದಲ್ಲಿ 1603ರ ಮಾರ್ಚ್ 24. ಅವರ ಲೆಕ್ಕದಲ್ಲಿ ಅದು 1602ರ ಕೊನೆಯ ದಿನ. 1582ರಲ್ಲಿ ರೋಮಿನ ಪೋಪ್ ಕ್ಯಾಲೆಂಡರ್ ತಿದ್ದಿದ. ಪೋಪ್ ಹೇಳಿದ ಎಂಬ ಒಂದೇ ಕಾರಣಕ್ಕೆ ಇಂಗ್ಲೆಂಡ್ ಒಪ್ಪಲಿಲ್ಲ. ನಿನ್ನ ವ್ಯಾಪಾರಿ ಲಂಡನ್ನಿನಿಂದ ಲಿಸ್ಬನ್ನಿಗೆ ಬರೆಯುವ ಪತ್ರದಲ್ಲಿ ಹತ್ತು ದಿನ ವ್ಯತ್ಯಾಸ ಬರುತ್ತದೆ. ಅದನ್ನು ತಪ್ಪು ಎಂದು ತಿದ್ದಬೇಡ, ಕಥೆಯಲ್ಲಿ ಬಳಸಿಕೋ.

ಇನ್ನು ಮದುವೆ. ನಿನ್ನ ನಾಯಕಿಗೆ ಹದಿನಾಲ್ಕು ವರ್ಷ, ಮದುವೆಯಾಗಿಬಿಟ್ಟಿದೆ. ಇದು ಜೂಲಿಯೆಟ್‌ಳ ಪ್ರಭಾವ ಅಂತ ನನ್ನ ಗುಮಾನಿ. ಕಾನೂನಿನ ಪ್ರಕಾರ ಹೆಣ್ಣಿಗೆ 12, ಗಂಡಿಗೆ 14 ಆದರೆ ಮದುವೆ ಆಗಬಹುದಿತ್ತು, ನಿಜ. ಆದರೆ ಸಾಮಾನ್ಯ ಜನ ಮದುವೆಯಾಗುತ್ತಿದ್ದದ್ದು ತುಂಬಾ ತಡವಾಗಿ. ಹೆಣ್ಣಿಗೆ ಸುಮಾರು 25–26, ಗಂಡಿಗೆ 27–28. ಕಾರಣ ತುಂಬಾ ಸರಳ. ಮದುವೆಯಾದರೆ ಬೇರೆ ಮನೆ ಹೂಡಬೇಕು. ಅದಕ್ಕೆ ದುಡ್ಡು ಬೇಕು. ಹರೆಯ ಬಂದ ಕೂಡಲೇ ಹುಡುಗ ಹುಡುಗಿಯರು ಬೇರೆಯವರ ಮನೆಗೆ ಆಳುಗಳಾಗಿ ಹೋಗುತ್ತಿದ್ದರು. ಕಸುಬು ಕಲಿಯುವವನು 1563ರ ಕಾಯ್ದೆಯ ಪ್ರಕಾರ ಕನಿಷ್ಠ ಏಳು ವರ್ಷ ಒಡೆಯನ ಮನೆಯಲ್ಲೇ ಇರಬೇಕು, ಅಷ್ಟರವರೆಗೆ ಮದುವೆಯಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಕೂಲಿಯವರ ಕೆಲಸ ಬೆಳಿಗ್ಗೆ ಐದಕ್ಕೆ ಶುರು, ಸಂಜೆ ಏಳೆಂಟರವರೆಗೆ. ಊಟ, ತಿಂಡಿ, ಕುಡಿತ ಎಲ್ಲ ಸೇರಿ ಬಿಡುವು ಎರಡೂವರೆ ಗಂಟೆ. ಒಂದು ಗಂಟೆ ತಪ್ಪಿಸಿದರೆ ಒಂದು ಪೆನ್ನಿ ಕಡಿತ. ಅಂದರೆ ನಿನ್ನ ನಾಯಕಿ ಇಪ್ಪತ್ತೈದರವಳು. ಕೈ ಒರಟಾಗಿದೆ. ಪೆಟ್ಟಿಗೆಯಲ್ಲಿ ನಾಲ್ಕು ಕಾಸಿದೆ. ಮೂರು ಮನೆಗಳ ಗುಟ್ಟು ಗೊತ್ತು. ಹದಿನಾಲ್ಕರ ಮುಗ್ಧೆಗಿಂತ ಇವಳು ಎಷ್ಟೋ ವಾಸಿ ಅಲ್ವಾ?

ಮದುವೆಗೆ ಮುಂಚೆ ಚರ್ಚಿನಲ್ಲಿ ಮೂರು ಸಲ ಸಾರಬೇಕು. ಯಾರಿಗಾದರೂ ತಕರಾರಿದ್ದರೆ ಹೇಳಿ ಎಂದು. ಲೆಂಟ್, ಕ್ರಿಸ್‌ಮಸ್ಸಿಗೆ ಮುಂಚಿನ ಅಡ್ವೆಂಟ್‌ನಂಥ ಕಾಲದಲ್ಲಿ ಸಾರುವಂತಿಲ್ಲ. ಅವಸರ ಇದ್ದವರು ದುಡ್ಡು ಕೊಟ್ಟು ಬಿಷಪ್ಪಿನ ಪರವಾನಗಿ ತರಬೇಕು. ಯಾರಿಗೆ ಅವಸರ? 1582ರ ನವೆಂಬರಿನಲ್ಲಿ ಸ್ಟ್ರಾಟ್‌ಫರ್ಡಿನ ಕೈಗವಸು ಮಾಡುವವನ ಮಗನಿಗೆ ಇತ್ತು. ಹುಡುಗನಿಗೆ 18, ಹುಡುಗಿ ಆ್ಯನ್ ಹ್ಯಾಥವೇಗೆ 26. ಇಬ್ಬರು ರೈತರು 40 ಪೌಂಡಿನ ಜಾಮೀನು ಬರೆದುಕೊಟ್ಟರು. ಒಂದೇ ಸಲ ಸಾರಿ ಮದುವೆಯಾಯಿತು. 1583ರ ಮೇ 26ಕ್ಕೆ ಮಗು ಸುಸಾನಾಳ ನಾಮಕರಣ. ತಿಂಗಳು ಎಣಿಸಿಕೋ. ಶೇಕ್ಸ್‌ಪಿಯರ್ ಎಂಬ ಕಾರಣಕ್ಕೆ ಎಲ್ಲರೂ ಇದನ್ನು ಎಣಿಸುತ್ತಾರೆ. ಹಳೆಯ ಚರ್ಚಿನ ಪುಸ್ತಕಗಳಲ್ಲಿ ಮದುವೆ ಮತ್ತು ಮಗುವಿನ ತಾರೀಖು ಕೂಡಿಸಿ ಕಳೆದರೆ ಇಂಥವರು ಬೇಕಾದಷ್ಟು ಸಿಗುತ್ತಾರೆ. ಮದುವೆಯಾಗದೆ ಸಿಕ್ಕಿಬಿದ್ದವರನ್ನು ಚರ್ಚಿನ ನ್ಯಾಯಾಲಯ ಕರೆಸುತ್ತಿತ್ತು. ಬಿಳಿ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಬಿಳಿ ಕೋಲು ಹಿಡಿದು, ಇಡೀ ಊರಿನ ಮುಂದೆ ತಪ್ಪೊಪ್ಪಿಕೊಳ್ಳಬೇಕು. ಆ ನ್ಯಾಯಾಲಯಗಳ ಸಾಕ್ಷಿ ಹೇಳಿಕೆಗಳು ಉಳಿದಿವೆ. ಅಕ್ಕಪಕ್ಕದವರು ಗೋಡೆಯ ಬಿರುಕಿನಿಂದ ಏನು ಕಂಡರು, ಯಾರು ಯಾರಿಗೆ ಏನು ಬೈದರು, ಎಲ್ಲ ಇದೆ. ನಿನಗೆ ಸಂಭಾಷಣೆ ಬರೆಯುವುದು ಕಷ್ಟ ಎಂದಿದ್ದೀಯಲ್ಲ, ಅಲ್ಲಿಗೆ ಹೋಗು. ದೊಡ್ಡವರ ಭಾಷಣಗಳನ್ನು ಓದಬೇಡ.

ಇಲ್ಲಿ ಇನ್ನೊಂದು ಸಣ್ಣ ತಕರಾರು. ಹೆರಿಗೆಯಾದ ಹೆಂಗಸು ಸುಮಾರು ಒಂದು ತಿಂಗಳ ಮೇಲೆ ಚರ್ಚಿಗೆ ಹೋಗಿ ದೇವರಿಗೆ ವಂದನೆ ಸಲ್ಲಿಸುವ ಪದ್ಧತಿ ಇತ್ತು. ನೀನು ಆ ಜಾಗದಲ್ಲಿ ನಮ್ಮ ಸೂತಕ, ಮೈಲಿಗೆ ಎಲ್ಲ ತುಂಬಿಬಿಟ್ಟಿದ್ದೀಯ. ಬೇಡ. ಅವರ ಜಗಳವೇ ಬೇರೆ ಇತ್ತು. ಚರ್ಚಿನಿಂದ ಹಳೆಯ ಶಾಸ್ತ್ರಗಳನ್ನೆಲ್ಲ ತೆಗೆಯಬೇಕು ಎನ್ನುವ ಪ್ಯೂರಿಟನ್ ಮನಸ್ಸಿನವರು ಇದು ಹಳೆಯ ಕ್ಯಾಥೊಲಿಕ್ ಶಾಸ್ತ್ರ ಎಂದು ಮುಖ ಸಿಂಡರಿಸುತ್ತಿದ್ದರು. ಎಷ್ಟೋ ಹೆಂಗಸರಿಗೆ ಮಾತ್ರ ಅದು ಗೆಳತಿಯರ ಜೊತೆ ಹೊರಗೆ ಕಾಲಿಡುವ, ಸೇರಿ ತಿಂದು ಕುಡಿಯುವ ಸಂಭ್ರಮ. ಅವರ ಜಗಳವನ್ನು ಅವರಿಗೇ ಬಿಡು.

ಪ್ಲೇಗಿನ ಅಧ್ಯಾಯ ನಿನ್ನ ಅತ್ಯುತ್ತಮ ಅಧ್ಯಾಯ ಆಗಬಹುದು. ಈಗ ಬರೀ ಹೆಣಗಳ ವರ್ಣನೆ ಇದೆ. ಸ್ಟ್ರಾಟ್‌ಫರ್ಡಿನ ಚರ್ಚಿನ ಪುಸ್ತಕದಲ್ಲಿ 1564ರ ಜುಲೈ 11ರಂದು ಆಲಿವರ್ ಗನ್ ಎಂಬವನ ಶವಸಂಸ್ಕಾರ ದಾಖಲಾಗಿದೆ. ನೇಕಾರನ ಹತ್ತಿರ ಕಸುಬು ಕಲಿಯುತ್ತಿದ್ದ ಹುಡುಗ. ಪಕ್ಕದಲ್ಲಿ ಲ್ಯಾಟಿನ್ನಿನಲ್ಲಿ ಮೂರೇ ಪದ, ಇಲ್ಲಿಂದ ಪ್ಲೇಗ್ ಶುರುವಾಯಿತು ಎಂದು. ಆಗ ಅದೇ ಊರಿನಲ್ಲಿ ಶೇಕ್ಸ್‌ಪಿಯರ್ ಮೂರು ತಿಂಗಳ ಕೂಸು. ವರ್ಷ ಮುಗಿಯುವುದರೊಳಗೆ ಆ ಚಿಕ್ಕ ಊರು ಇನ್ನೂರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು.

ನಿನ್ನ 1592ರಲ್ಲಿ ಲಂಡನ್ನಿಗೆ ಅದು ಮತ್ತೆ ಬಂತು. ನಾಟಕಶಾಲೆಗಳಿಗೆ ಬೀಗ. ರೋಗ ಬಂದ ಮನೆಯ ಬಾಗಿಲು ಹಾಕಿ, ಮೇಲೆ ಗುರುತು ಮಾಡಿ, ಕಾವಲು ಇಡುತ್ತಿದ್ದರು. ಆರೋಗ್ಯವಾಗಿ ಇದ್ದವರೂ ವಾರಗಟ್ಟಲೆ ಒಳಗೇ. ಈ ಗುರುತು ಹಾಕುವ ತೀರ್ಮಾನ ಯಾರ ಕೈಯಲ್ಲಿತ್ತು ಗೊತ್ತೇ? ವೈದ್ಯರ ಕೈಯಲ್ಲಲ್ಲ. ಪ್ಯಾರಿಷ್, ಅಂದರೆ ಆಯಾ ಚರ್ಚಿನ ವಠಾರದ ಆಡಳಿತ, ನೇಮಿಸಿದ ಬಡ ಮುದುಕಿಯರ ಕೈಯಲ್ಲಿ. ಹೆಚ್ಚಿನವರು ವಿಧವೆಯರು, ಊರಿನ ದಾನದಿಂದ ಬದುಕುವವರು. ಹೆಣ ನೋಡಿ ಯಾವುದರಿಂದ ಸಾವು ಎಂದು ಹೇಳುವುದು ಅವರ ಕೆಲಸ, ನಾಲ್ಕು ಪೆನ್ನಿ ಕೂಲಿ. ಅವರು ಲಂಚ ತಿಂದು ಬೇರೆ ಕಾಯಿಲೆ ಹೇಳುತ್ತಾರೆ ಎಂಬ ದೂರು ಆಗಲೇ ಇತ್ತು. ಈಗ ಆಲೋಚಿಸು. ನಿನ್ನೆಯವರೆಗೆ ಬಾಗಿಲಲ್ಲಿ ನಿಂತು ರೊಟ್ಟಿ ಬೇಡಿದ ಮುದುಕಿ ಇವತ್ತು ಒಳಗೆ ಬಂದು ಹೆಣದ ಹೊದಿಕೆ ಎತ್ತುತ್ತಾಳೆ. ಮನೆಯ ಯಜಮಾನಿ ಬಳೆ ಬಿಚ್ಚಿ ಅವಳ ಕೈಗೆ ಇಡುತ್ತಾಳೆ. ಅವಳು ಏನು ಹೇಳುತ್ತಾಳೆ? ಸರಿ ಹೇಳಿದರೆ ಆ ಮನೆಯ ಮಕ್ಕಳು ಒಳಗೆ ಸಾಯುತ್ತಾರೆ. ಸುಳ್ಳು ಹೇಳಿದರೆ ಬೀದಿ ಸಾಯುತ್ತದೆ. ಈ ಹೆಂಗಸಿನ ಸುತ್ತ ಕಾದಂಬರಿ ಕಟ್ಟು ಎಂದೇ ನನ್ನ ಸಲಹೆ. ನಿನ್ನ ವ್ಯಾಪಾರಿಯ ಪ್ರೇಮ ಪ್ರಸಂಗ ಕಾಯಬಲ್ಲದು.

ರಾಣಿಯನ್ನು ಪೂರ್ತಿ ಬಿಡು ಎನ್ನುವುದಿಲ್ಲ. ತರುವುದಾದರೆ 1598ರ ರಾಣಿಯನ್ನು ತಾ. ಪಾಲ್ ಹೆಂಟ್ಸ್‌ನರ್ ಎಂಬ ಜರ್ಮನ್ ಪ್ರವಾಸಿ ಗ್ರೀನಿಚ್ ಅರಮನೆಯಲ್ಲಿ ಅವಳನ್ನು ನೋಡಿದ. ಅರವತ್ತೈದರ ಹತ್ತಿರದ ಮುದುಕಿ, ಕೆಂಪು ಕೂದಲಿನ ಟೋಪನ್, ಕಪ್ಪಾದ ಹಲ್ಲು. ಇಂಗ್ಲಿಷರು ಸಕ್ಕರೆ ಜಾಸ್ತಿ ತಿನ್ನುವುದರಿಂದ ಹಲ್ಲು ಹೀಗಾಗುತ್ತದೆ ಎಂದು ಅವನು ಊಹಿಸಿದ್ದಾನೆ. ಸಕ್ಕರೆ ಆಗ ದುಬಾರಿ. ಹಲ್ಲು ಕಪ್ಪಾಗಲೂ ದುಡ್ಡು ಬೇಕಿತ್ತು.

ಕೊನೆಯದಾಗಿ, ನಿನ್ನ ಕಥೆಯನ್ನು ಕನ್ನಡ ನೆಲಕ್ಕೆ ತರುವ ಆಸೆ ಇದೆ ಎಂದು ಬರೆದಿದ್ದೀಯ. ದಾರಿ ಹುಡುಕುತ್ತಿದ್ದೇನೆ ಎಂದೂ ಬರೆದಿದ್ದೀಯ. ದಾರಿ ಆಗಲೇ ಇದೆ, ಕಲ್ಪಿಸುವ ಅಗತ್ಯವಿಲ್ಲ. 1583ರ ಫೆಬ್ರವರಿಯಲ್ಲಿ ರಾಲ್ಫ್ ಫಿಚ್ ಎಂಬ ಲಂಡನ್ನಿನ ವ್ಯಾಪಾರಿ ಟೈಗರ್ ಎಂಬ ಹಡಗು ಹತ್ತಿದ. ಜೊತೆಗೆ ಜಾನ್ ನ್ಯೂಬೆರಿ, ವಿಲಿಯಂ ಲೀಡ್ಸ್ ಎಂಬ ರತ್ನ ಪರೀಕ್ಷಕ, ಜೇಮ್ಸ್ ಸ್ಟೋರಿ ಎಂಬ ಚಿತ್ರಗಾರ. ಅಕ್ಬರನಿಗೆ ಎಲಿಜಬೆತ್ ಬರೆದ ಪತ್ರ ಅವರ ಬಳಿ ಇತ್ತು. ಪರ್ಷಿಯನ್ ಕೊಲ್ಲಿಯ ಹೊರ್ಮುಜ್‌ನಲ್ಲಿ ಪೋರ್ಚುಗೀಸರು ಹಿಡಿದು ಗೋವಾಕ್ಕೆ ಸಾಗಿಸಿ ಜೈಲಿಗೆ ಹಾಕಿದರು. ಅಲ್ಲಿ ಅವರ ಬಿಡುಗಡೆಗೆ ನೆರವಾದವರಲ್ಲಿ ಒಬ್ಬ ಥಾಮಸ್ ಸ್ಟೀಫನ್ಸ್. ಇಂಗ್ಲಿಷಿನವನೇ, ಆದರೆ ಕ್ಯಾಥೊಲಿಕರ ಜೆಸ್ಯೂಟ್ ಪಂಗಡದ ಪಾದ್ರಿ. 1579ರಲ್ಲಿ ಗೋವಾಕ್ಕೆ ಬಂದಿದ್ದವನು. ಮುಂದೆ ಮರಾಠಿಯಲ್ಲಿ ಪುರಾಣ ಬರೆದ, ಕೊಂಕಣಿಗೆ ವ್ಯಾಕರಣ ಬರೆದ.

ಇಲ್ಲಿ ಸ್ವಲ್ಪ ನಿಲ್ಲು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜೆಸ್ಯೂಟ್ ಆಗಿ ಸಿಕ್ಕಿಬಿದ್ದರೆ ಏನಾಗುತ್ತಿತ್ತು? 1581ರ ಡಿಸೆಂಬರಿನಲ್ಲಿ ಎಡ್ಮಂಡ್ ಕ್ಯಾಂಪಿಯನ್ ಎಂಬ ಜೆಸ್ಯೂಟನನ್ನು ಲಂಡನ್ನಿನಲ್ಲಿ ನೇಣಿಗೇರಿಸಿದ್ದರು. ಅದೇ ವರ್ಷ ರಾಣಿಯ ಚರ್ಚಿಗೆ ಬಾರದವರ ದಂಡ ವಾರಕ್ಕೆ 12 ಪೆನ್ಸ್ ಇದ್ದದ್ದು ತಿಂಗಳಿಗೆ 20 ಪೌಂಡಿಗೆ ಏರಿತ್ತು. ಊರಿಗೆ ಮರಳಿದರೆ ಇವನ ಕುತ್ತಿಗೆಗೂ ಹಗ್ಗವೇ. ಅಂಥವನು ಅದೇ ರಾಣಿಯ ಪತ್ರ ಹೊತ್ತು ಬಂದವರಿಗಾಗಿ ಓಡಾಡಿದ. ಜಾಮೀನಿನ ಮೇಲೆ ಹೊರಬಂದವರು 1584ರ ಏಪ್ರಿಲಿನಲ್ಲಿ ಜಾಮೀನು ಮುರಿದು ಗೋವಾದಿಂದ ಓಡಿದರು. ಸ್ಟೋರಿ ಗೋವಾದಲ್ಲೇ ಉಳಿದ. ಉಳಿದವರು ಘಟ್ಟ ಹತ್ತಿ ಬಂದ ಮೊದಲ ಊರುಗಳಲ್ಲಿ ಒಂದು ನಮ್ಮ ಬೆಳಗಾವಿ. ವಜ್ರ, ಮಾಣಿಕ್ಯ, ನೀಲದ ದೊಡ್ಡ ಸಂತೆ ಇಲ್ಲಿ ನಡೆಯುತ್ತದೆ ಎಂದು ಫಿಚ್ ಬರೆದಿದ್ದಾನೆ. ಅಲ್ಲಿಂದ ಬಿಜಾಪುರ. ಗದ್ದುಗೆಯ ಮೇಲೆ ಇನ್ನೂ ಹುಡುಗನಾಗಿದ್ದ ಎರಡನೇ ಇಬ್ರಾಹಿಂ ಆದಿಲ್ ಷಾ. ಅಲ್ಲಿಂದ ಗೋಲ್ಕೊಂಡ, ಉತ್ತರ ಹಿಂದೂಸ್ಥಾನ, ಬರ್ಮಾ. 1591ರಲ್ಲಿ ಫಿಚ್ ಲಂಡನ್ನಿಗೆ ಮರಳಿದ. ನಿನ್ನ ಕಥೆಯ ಕಾಲಕ್ಕೆ ಅವನು ಅದೇ ಊರಿನಲ್ಲಿದ್ದಾನೆ, ಬೆಳಗಾವಿ ಕಂಡ ಕಣ್ಣು ಹೊತ್ತು ಓಡಾಡುತ್ತಿದ್ದಾನೆ.

ಹಾಗಾಗಿ ಬೆಳಗಾವಿಯ ಸಂತೆಯನ್ನು ಮೊದಲು ಬರೆ, ಲಂಡನ್ ಆಮೇಲೆ ಬರಲಿ. ಏಪ್ರಿಲ್ ತಿಂಗಳ ಬಿಸಿಲು, ಜಾಮೀನು ಮುರಿದ ಅಳುಕು, ಪಕ್ಕದಲ್ಲಿ ಕಲ್ಲು ಪರೀಕ್ಷೆ ಮಾಡುವ ಲೀಡ್ಸ್. ಬರೆದ ಕೂಡಲೇ ಕಳಿಸು. ಬಿಜಾಪುರ ತಲುಪಿದಾಗ ಗಗನ ಮಹಲ್ ತೋರಿಸು, ತಕರಾರಿಲ್ಲ. ಗೋಳಗುಮ್ಮಟ ಮಾತ್ರ ತೋರಿಸಬೇಡ. ಅದರ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ.

ಇಂತಿ,
ನಿನ್ನ ಹಿರಿಯ ಗೆಳೆಯ